ಒಂದು ವಾರ ಪೂರ್ತಿ ವೈನ್ ಟೇಸ್ಟಿಂಗ್, ಪಾರ್ಟಿ, ಊಟ: ಸುಸ್ತಾಗದೆ ಸವಿಯುವುದು ಹೇಗೆ?

"ಮುಂದಿನ ವಾರ ಎರಡು ವೈನ್ ಟೇಸ್ಟಿಂಗ್, ಒಂದು ಫುಡ್ ಫೆಸ್ಟಿವಲ್, ಆಮೇಲೆ ಸಾಲು ಸಾಲು ಪಾರ್ಟಿ. ಕೊನೆಯದು ನಮ್ಮ ಮನೆಯಲ್ಲೇ. ಯಾವುದನ್ನೂ ಬಿಡೋಕೆ ಮನಸ್ಸಿಲ್ಲ, ಮೂರನೇ ದಿನಕ್ಕೇ ಮಲಗಿಬಿಡಬಾರದು. ಏನು ಮಾಡಲಿ?" ಅಂತ ಕೇಳಿದ್ದೀರಿ. ಹೋಟೆಲುಗಳಿಗೆ ವೈನ್ ಆರಿಸಿಕೊಡುವುದು ನನ್ನ ಕೆಲಸ. ಹಾಗಾಗಿ ಇಂಥ ವಾರಗಳ ಅಭ್ಯಾಸ ನನಗೆ ಚೆನ್ನಾಗಿಯೇ ಇದೆ. ಒಂದೇ ಮಾತಿನ ಉತ್ತರ ಬೇಕಿದ್ದರೆ: ಉಗಿಯುವುದನ್ನು ಕಲಿಯಿರಿ.

ನಗಬೇಡಿ, ಲೆಕ್ಕ ಹಾಕಿ ನೋಡಿ. ಟೇಸ್ಟಿಂಗ್‌ನಲ್ಲಿ ಒಂದು ಸಲಕ್ಕೆ ಗ್ಲಾಸಿಗೆ ಹಾಕುವುದು ಸಾಮಾನ್ಯವಾಗಿ 30ರಿಂದ 50 ಮಿಲಿ. ನೋಡಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ 50 ಮಿಲಿಯಂತೆ 20 ವೈನ್ ರುಚಿ ನೋಡಿ ಎಲ್ಲವನ್ನೂ ನುಂಗಿದರೆ ಒಂದು ಲೀಟರ್ ಆಯಿತು. ಪೂರ್ತಿ ಬಾಟಲಿಯಲ್ಲೇ ಇರುವುದು 750 ಮಿಲಿ! ಶೇಕಡಾ 13 ಆಲ್ಕೋಹಾಲ್ ಇರುವ ವೈನ್ ಆದರೆ ಹೊಟ್ಟೆಗೆ ಹೋದ ಆಲ್ಕೋಹಾಲ್ ಹತ್ತಿರ ಹತ್ತಿರ 100 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಸಂಜೆ ಕುಡಿದದ್ದು ಮಾರನೇ ದಿನ ಬೆಳಗ್ಗೆಯೂ ಒಳಗೇ ಕೂತಿರುತ್ತದೆ. ಕಾಫಿ ಕುಡಿದರೂ ಅಷ್ಟೇ, ತಲೆಗೆ ತಣ್ಣೀರು ಸುರಿದುಕೊಂಡರೂ ಅಷ್ಟೇ. ಮತ್ತೆ ಸಂಜೆ ಇನ್ನೊಂದು ಪಾರ್ಟಿ ಅಂದರೆ ಹಳೇ ಸಾಲದ ಮೇಲೆ ಹೊಸ ಸಾಲ.

ನಾಲ್ಕು ಜನರ ಮುಂದೆ ಉಗಿಯುವುದು ಅಸಹ್ಯ ಅನಿಸುವುದು ಸಹಜ. ಟೇಸ್ಟಿಂಗ್‌ನಲ್ಲಿ ಮಾತ್ರ ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ವೈನ್ ಮಾಡಿದವರೇ ಪಕ್ಕದಲ್ಲಿ ನಿಂತು ಉಗಿಯುತ್ತಿರುತ್ತಾರೆ. ಮನೆಯ ಸಿಂಕ್ ಮುಂದೆ ನೀರಿನಲ್ಲಿ ಅಭ್ಯಾಸ ಮಾಡಿ. ಸಣ್ಣ ಗುಟುಕು ಸಾಕು, ಬಾಯಿ ತುಂಬ ತಗೊಂಡರೆ ಗಲ್ಲದ ಮೇಲೆ ಸೋರುತ್ತದೆ. ತುಟಿಯನ್ನು ಮುಂದಕ್ಕೆ ಚೂಪು ಮಾಡಿ, ಕೆನ್ನೆ ಬಿಗಿಹಿಡಿದು, ನಾಲಿಗೆಯಿಂದ ಒಮ್ಮೆಲೇ ತಳ್ಳಿ. ಸಣ್ಣ ಧಾರೆಯಾಗಿ ಬೀಳಬೇಕು. ಅನುಮಾನಿಸುತ್ತಾ ಮೆಲ್ಲಗೆ ಬಿಟ್ಟರೆ ತೊಟತೊಟ ತೊಟ್ಟಿಕ್ಕುತ್ತದೆ, ನೋಡೋಕೆ ಅದೇ ಕೆಟ್ಟದು. ಟೇಸ್ಟಿಂಗ್‌ನಲ್ಲಿ ಉಗಿಯಲೆಂದೇ ಇಟ್ಟಿರುವ ಬಕೆಟ್ ಹತ್ತಿರಕ್ಕೆ ಚೆನ್ನಾಗಿ ಬಗ್ಗಿ. ಉದ್ದ ಕೂದಲು, ಟೈ, ಶಾಲು ಏನಿದ್ದರೂ ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಬಕೆಟ್ ತುಂಬಿದ್ದರೆ ಬೇರೆ ಕೇಳಿ, ಇಲ್ಲದಿದ್ದರೆ ಹತ್ತು ಜನ ಉಗಿದದ್ದು ನಿಮ್ಮ ಮುಖಕ್ಕೇ ಸಿಡಿಯುತ್ತದೆ.

ನುಂಗದಿದ್ದರೆ ರುಚಿ ಹೇಗೆ ಗೊತ್ತಾಗುತ್ತೆ ಅಂತೀರಾ? ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆಯೇ. ನಾಲಿಗೆಗೆ ತಿಳಿಯುವುದು ಹುಳಿ, ಸಿಹಿ, ಕಹಿಯಂಥ ನಾಲ್ಕೈದು ಮಾತ್ರ. ಹಣ್ಣು, ಹೂವು, ಮಸಾಲೆ ಅಂತೆಲ್ಲ ಅನಿಸುವುದು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳದಿಂದ. ಗುಟುಕನ್ನು ಬಾಯಲ್ಲಿ ಆಡಿಸಿ, ಉಗಿದು, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಆಗ ಬರುವುದೇ ವೈನಿನ ನಿಜವಾದ ಕೊಸರು. ತೀರಾ ಇಷ್ಟವಾದ ಒಂದೆರಡನ್ನು ಕೊನೆಯಲ್ಲಿ ವಾಪಸ್ ಹೋಗಿ ಆರಾಮಾಗಿ ಕುಡಿಯಿರಿ, ಯಾರು ಬೇಡ ಅಂತಾರೆ? ಒಂದು ಮಾತು: ಉಗಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ. ಗಾಡಿ ತರಬೇಡಿ.

ಹೊಟ್ಟೆಗಿಂತ ಮೊದಲು ಸೋಲುವುದು ನಾಲಿಗೆ. ಕೆಂಪು ವೈನಿನ ಒಗರಿಗೆ ಕಾರಣ ಟ್ಯಾನಿನ್. ಅದು ಜೊಲ್ಲಿನಲ್ಲಿರುವ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಬಾಯಿ ಒಣಗಿ ದೊರಗಾಗುತ್ತದೆ. ಹತ್ತು ಹನ್ನೆರಡು ಗಟ್ಟಿ ಕೆಂಪು ವೈನ್ ಆದ ಮೇಲೆ ಎಲ್ಲವೂ ಒಂದೇ ಥರ ಅನಿಸತೊಡಗುತ್ತದೆ. ಅದಕ್ಕೇ ಸ್ಪಾರ್ಕ್ಲಿಂಗ್‌ನಿಂದ, ಅಂದರೆ ಗುಳ್ಳೆಯೇಳುವ ವೈನಿನಿಂದ, ಶುರುಮಾಡಿ ಬಿಳಿ, ಆಮೇಲೆ ತೆಳು ಕೆಂಪು, ಗಟ್ಟಿ ಕೆಂಪು, ಕೊನೆಗೆ ಸಿಹಿ ಅಂತ ಹೋಗುವುದು. ಸಿಹಿ ವೈನ್ ಮೊದಲೇ ಕುಡಿದರೆ ಮುಂದಿನದೆಲ್ಲ ಹುಳಿ ಹುಳಿ. ನಡುನಡುವೆ ನೀರು, ಸಪ್ಪೆ ಬ್ರೆಡ್ ಸಾಕು. ಅಲ್ಲಿಟ್ಟ ಚೀಸ್‌ಗೆ ಮಾತ್ರ ಬೇಗ ಕೈ ಹಾಕಬೇಡಿ. ಚೀಸಿನ ಜೊತೆ ಸಾಧಾರಣ ಕೆಂಪು ವೈನೂ ಮೆತ್ತಗೆ ಅನಿಸಿಬಿಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಇನ್ನು ಸೆಂಟ್ ಬೇಡವೇ ಬೇಡ. ನಿಮ್ಮ ಮೂಗಷ್ಟೇ ಅಲ್ಲ, ಪಕ್ಕದವರ ಮೂಗೂ ಕೆಡುತ್ತದೆ.

ಸುತ್ತಲಿನವರು ದೊಡ್ಡ ದೊಡ್ಡ ವರ್ಣನೆ ಮಾಡಿದರೆ ಹೆದರಬೇಡಿ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಓದುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅದನ್ನವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು. ನಿಮಗೆ ಹಿಡಿಸಿತೋ ಇಲ್ಲವೋ, ಅಷ್ಟು ಬರೆದಿಟ್ಟುಕೊಳ್ಳಿ. ಬರೆಯುವುದನ್ನು ಮಾತ್ರ ಬಿಡಬೇಡಿ, ಮಾರನೇ ದಿನ ಒಂದೂ ನೆನಪಿರುವುದಿಲ್ಲ.

ಫುಡ್ ಫೆಸ್ಟಿವಲ್‌ಗೆ ಬೆಳಗ್ಗೆಯಿಂದ ಉಪವಾಸ ಇದ್ದು ಹೋಗುವವರಿದ್ದಾರೆ. ಮೊದಲ ಎರಡು ಮಳಿಗೆಯಲ್ಲೇ ಹೊಟ್ಟೆ ಬಿರಿಯೆ ತಿಂದು ಮುಗಿಸುತ್ತಾರೆ. ಹಗುರವಾಗಿ ಏನಾದರೂ ತಿಂದು ಹೋಗಿ, ಮೊದಲು ಸುಮ್ನೆ ಒಂದು ಸುತ್ತು ನೋಡಿ, ಆಮೇಲೆ ಆರಿಸಿ. ಇಬ್ಬರು ಮೂವರು ಒಂದೇ ತಟ್ಟೆ ಹಂಚಿಕೊಳ್ಳಿ. ಬಿಟ್ಟಿ ಸಿಕ್ಕರೆ ನಮಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಚಪಲ ಸ್ಯಾಂಪಲ್ ತಟ್ಟೆ ಮುಂದೆ ಎಲ್ಲರಿಗೂ ಬರುತ್ತದೆ, ನನಗೂ.

ಪಾರ್ಟಿಗಳಲ್ಲಿ ಅಪಾಯ ಇರುವುದು ಬಾಗಿಲಲ್ಲೇ ಕೈಗೆ ಕೊಡುವ ಮೊದಲ ಗ್ಲಾಸಿನಲ್ಲಿ. ಅದು ಹೆಚ್ಚಾಗಿ ಸ್ಪಾರ್ಕ್ಲಿಂಗ್ ಆಗಿರುತ್ತದೆ, ನಿಮ್ಮ ಹೊಟ್ಟೆ ಖಾಲಿ ಇರುತ್ತದೆ. ಗುಳ್ಳೆಯಿರುವ ವೈನಿನ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಊಟ ಇದ್ದರೆ ಆಲ್ಕೋಹಾಲ್ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಹಾಗಾಗಿ ಒಂದು ತುತ್ತು ತಿನ್ನದೆ ಆ ಗ್ಲಾಸು ಮುಟ್ಟಬೇಡಿ. ಒತ್ತಾಯ ಮಾಡುವವರ ಜೊತೆ ವಾದ ಬೇಡ. ಖಾಲಿ ಗ್ಲಾಸು ಕಂಡರೆ ತಾನೇ ತುಂಬಿಸುವುದು? ಅರ್ಧ ತುಂಬಿದ್ದನ್ನು ಕೈಯಲ್ಲಿ ಹಿಡಿದು ಓಡಾಡಿ.

ಮಧ್ಯೆ ಒಂದು ದಿನ ಪೂರ್ತಿ ಬಿಡುವು ಕೊಡಿ. ದೊಡ್ಡ ಟೇಸ್ಟಿಂಗ್‌ನ ಮಾರನೇ ದಿನದ ಪಾರ್ಟಿ ಬಿಟ್ಟರೆ ಲೇಸು. ಆಲ್ಕೋಹಾಲ್ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಗೊತ್ತಿದ್ದೂ ನಾವು ಕುಡಿಯುತ್ತೇವೆ, ಸರಿ. ವಾರಪೂರ್ತಿ ಕುಡಿಯಲೇಬೇಕು ಅಂತೇನಿಲ್ಲವಲ್ಲ.

ಹಲ್ಲಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ವೈನ್ ಒಳ್ಳೇ ಹುಳಿ, ಅದರ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 3ರಿಂದ 4ರ ನಡುವೆ. ಹುಳಿಗೆ ಹಲ್ಲಿನ ಹೊರಪದರ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಹಲ್ಲು ಕಪ್ಪಾಯಿತು ಅಂತ ಮನೆಗೆ ಬಂದ ಕೂಡಲೇ ಬ್ರಶ್ ತಗೊಂಡು ತಿಕ್ಕಿದರೆ ಪದರವೇ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಿ. ಟೇಸ್ಟಿಂಗ್‌ಗೆ ಹೊರಡುವ ಮುಂಚೆ ಉಜ್ಜುವುದೂ ಬೇಡ, ಪೇಸ್ಟ್ ಬಾಯಲ್ಲಿದ್ದರೆ ಯಾವ ವೈನೂ ಚೆನ್ನಾಗಿರುವುದಿಲ್ಲ.

ಕೊನೆಯದಾಗಿ ನಿಮ್ಮ ಮನೆಯ ಪಾರ್ಟಿ. ಒಂದು ಬಾಟಲಿಗೆ 150 ಮಿಲಿಯ ಐದು ಗ್ಲಾಸು ಅಂತ ಲೆಕ್ಕ ಇಟ್ಟುಕೊಳ್ಳಿ. ಕುಡಿಯದವರಿಗೂ ಏನಾದರೂ ಒಳ್ಳೇದು ಇರಲಿ, ಬರೀ ನೀರು ಕೊಟ್ಟು ಕೂರಿಸಬೇಡಿ. ಬಿಳಿಯದನ್ನು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕೊಡಿ, ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ. ಕೆಂಪು ವೈನಿಗೆ 15ರಿಂದ 18 ಡಿಗ್ರಿ ಸರಿ, ಅದಕ್ಕಿಂತ ಸೆಕೆಯ ಕೋಣೆಯಾದರೆ ಅದನ್ನೂ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಉಳಿದ ಬಾಟಲಿಗಳಿಗೆ ಮುಚ್ಚಳ ಹಾಕಿ, ಕೆಂಪನ್ನೂ ಸೇರಿಸಿ, ಫ್ರಿಜ್‌ಗೆ ಹಾಕಿದರೆ ಮೂರ್ನಾಲ್ಕು ದಿನ ತಡೆಯುತ್ತವೆ. ಸ್ಪಾರ್ಕ್ಲಿಂಗ್ ಹಾಗಲ್ಲ, ಅದಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುವ ವಿಶೇಷ ಮುಚ್ಚಳವೇ ಬೇಕು. ಬಾಟಲಿ ಬಾಯಿಗೆ ಚಮಚ ಸಿಕ್ಕಿಸಿದರೆ ಗ್ಯಾಸ್ ಹೋಗಲ್ಲ ಅನ್ನುವುದೆಲ್ಲ ಸುಳ್ಳು. ಆ ಮುಚ್ಚಳ ಇಲ್ಲದಿದ್ದರೆ ಎಲ್ಲರೂ ಬಂದು ಸೇರಿದ ಮೇಲೆ, ಊಟಕ್ಕೆ ಮುಂಚೆಯೇ ಬಿಚ್ಚಿಬಿಡಿ.