ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ತಂಡದ ದೋಣಿಯಾನ, ಸ್ನಾರ್ಕೆಲಿಂಗ್ ಮತ್ತು ಗಡಿನಾಡಿನ ಕಡಲು

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ನಾನು, ಪತ್ನಿ, ಒಂಬತ್ತನೆಯ ತರಗತಿಯ ಮಗಳು, ತಮ್ಮನ ಸಂಸಾರ ಮತ್ತು ವಯಸ್ಸಾದ ನಮ್ಮ ತಾಯಿ ಒಟ್ಟಾಗಿ ಒಂದು ದಿನದ ಕಡಲ ಪ್ರವಾಸಕ್ಕೆ ಹೋಗಬೇಕೆಂದಿದ್ದೇವೆ. ಬೇರೆಯವರೊಡನೆ ದೊಡ್ಡ ಬೋಟಿನಲ್ಲಿ ನೂಕುನುಗ್ಗಲು ಬೇಡ. ನಮ್ಮದೇ ಸಣ್ಣ ದೋಣಿಯಲ್ಲಿ ಹೊರಟು, ಸ್ನಾರ್ಕೆಲಿಂಗ್ ಮಾಡಿ, ಎರಡು ಮೂರು ಕಡೆ ತೀರದಲ್ಲಿ ಇಳಿದು, ಸಂಜೆಗೆ ಮರಳುವ ಆಸೆ. ಬೇಕಲದ ಆಸುಪಾಸಿನಲ್ಲೇ ಇದು ಸಾಧ್ಯವೇ? (ಬದಿಯಡ್ಕದ ಓದುಗರೊಬ್ಬರು)

ಉತ್ತರ: ಬೇಕಲದ ಬಳಿ ದೋಣಿಯೇರಬಹುದು, ತೀರದಲ್ಲಿ ಇಳಿಯಬಹುದು, ನೀರಿನಲ್ಲಿ ಮುಖವಿಟ್ಟು ನೋಡಿದರೆ ಮಾತ್ರ ಹೆಚ್ಚೇನೂ ಕಾಣಿಸದು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು ಎಂದು ನಮ್ಮ ಕಾಸರಗೋಡು ಜಿಲ್ಲೆಯ ಉದ್ದಕ್ಕೂ ಹೊಳೆಗಳು ಒಂದರ ಹಿಂದೊಂದಾಗಿ ಕಡಲು ಸೇರುತ್ತವೆ. ಅವು ಘಟ್ಟದಿಂದ ಹೊತ್ತು ತರುವ ಹೂಳು ತೀರದ ಹತ್ತಿರದಲ್ಲೇ ಹರಡಿ ನಿಲ್ಲುತ್ತದೆ. ಮರಳು ಮತ್ತು ಕೆಸರಿನ ತಳವಾದ್ದರಿಂದ ಸಣ್ಣ ತೆರೆಗೂ ನೀರು ಕದಡುತ್ತದೆ. ಸ್ನಾರ್ಕೆಲಿಂಗ್ ಮಾಡುವವರು ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ತೊಟ್ಟು, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿಕೊಂಡು ಮೇಲ್ಮೈಯಲ್ಲೇ ತೇಲುತ್ತಾ ಕೆಳಗೆ ನೋಡುವವರಾದ್ದರಿಂದ, ನೀರು ತಿಳಿಯಾಗಿರಬೇಕು, ತಳದಲ್ಲಿ ಬಂಡೆಯೋ ಹವಳವೋ ಇರಬೇಕು, ಆ ತಳ ತೀರಾ ಆಳದಲ್ಲಿರಬಾರದು. ಸೊಂಟಮಟ್ಟದ ನೀರಿನಲ್ಲಿ ನಿಂತಾಗ ನಿಮ್ಮ ಕಾಲ್ಬೆರಳು ನಿಮಗೆ ಕಾಣದಿದ್ದರೆ, ಎಷ್ಟು ದುಬಾರಿಯ ಮಾಸ್ಕ್ ತೊಟ್ಟರೂ ಪ್ರಯೋಜನವಿಲ್ಲ.

ಆದುದರಿಂದ ಉತ್ತರಕ್ಕೆ ಹೋಗಬೇಕಾಗುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ನಡುಗಡ್ಡೆಯ ಸುತ್ತಲಿನ ನೀರು ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಅತ್ಯುತ್ತಮವೆಂಬುದು ನನ್ನ ಅಭಿಪ್ರಾಯ. ಹೊಳೆಗಳ ಹೂಳು ಅಷ್ಟು ದೂರಕ್ಕೆ ತಲುಪುವುದು ಕಡಿಮೆ. ದ್ವೀಪದ ಬಂಡೆಗಳು ನೇರವಾಗಿ ನೀರಿಗಿಳಿದಿರುವುದರಿಂದ ಹವಳಕ್ಕೂ ಮೀನುಗಳಿಗೂ ನೆಲೆ ಇದೆ. ಡಿಸೆಂಬರ್, ಜನವರಿಯ ಒಳ್ಳೆಯ ದಿನಗಳಲ್ಲಿ ಹತ್ತು ಹದಿನೈದು ಮೀಟರಿನವರೆಗೂ ಕಣ್ಣು ಹರಿಯುತ್ತದೆ. ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ಕಾಣಿಸುತ್ತದೆ, ಅದೃಷ್ಟವಿದ್ದರೆ ಕಡಲಾಮೆಯೂ ಕಾಣಿಸೀತು. ಆದರೆ ನಿಮ್ಮ ಎರಡನೆಯ ಆಸೆ ಅಲ್ಲಿ ಈಡೇರದು. ನೇತ್ರಾಣಿ ಕಡಿದಾದ ದ್ವೀಪ, ಇಳಿದು ಅಡ್ಡಾಡುವ ಮರಳ ತೀರವಿಲ್ಲ, ಪ್ರವಾಸಿಗರಿಗೆ ಇಳಿಯಲು ಅನುಮತಿಯೂ ಇಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ ಇತಿಹಾಸವಿರುವುದರಿಂದ ಯಾರಾದರೂ ‘ಸ್ವಲ್ಪ ಹತ್ತಿಸಿಬಿಡುತ್ತೇನೆ’ ಎಂದರೂ ಒಪ್ಪಬೇಡಿ. ಹೋಗಲು ಒಂದರಿಂದ ಒಂದೂವರೆ ಗಂಟೆ, ಬರಲು ಅಷ್ಟೇ ಹೊತ್ತು, ತೆರೆದ ಕಡಲಿನ ಕುಲುಕಾಟ. ತಾಯಿಯವರನ್ನು ಕರೆದೊಯ್ಯುವ ಮುನ್ನ ಇದನ್ನು ಯೋಚಿಸಬೇಕು.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಹತ್ತಿರದ್ದು, ಸುಂದರವಾದದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಶಿಲೆ ಅಲ್ಲಿ ಕಂಬಕಂಬವಾಗಿ ನಿಂತಿದೆ; ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ. ಅಲ್ಲಿಗೆ ಹೋಗಬೇಕಾದದ್ದು ಕಲ್ಲು ನೋಡಲಿಕ್ಕೆ, ಕಪ್ಪೆಚಿಪ್ಪಿನ ತೀರದಲ್ಲಿ ನಡೆಯಲಿಕ್ಕೆ. ಚೂಪಾದ ಬಂಡೆಗಳ ನಡುವೆ ನೀರಿನ ಸೆಳೆತ ಜೋರಾಗಿರುವುದರಿಂದ ಈಜಿಗೆ ಅದು ತಕ್ಕ ಸ್ಥಳವಲ್ಲ.

ಸ್ನಾರ್ಕೆಲಿಂಗ್ ಮತ್ತು ತೀರದಲ್ಲಿ ಇಳಿಯುವುದು ಎರಡೂ ಒಂದೇ ದಿನ ದೊರೆಯುವ ಊರೆಂದರೆ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲವಣ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ಆರಂಭಿಸಿದ ಸಿಂಧುದುರ್ಗ ಕೋಟೆಯ ಸಮೀಪ ಆಳ ಕಡಿಮೆಯಿರುವ ಬಂಡೆ ಮತ್ತು ಹವಳದ ಪ್ರದೇಶವಿದೆ. 1987ರಲ್ಲಿ ಘೋಷಿತವಾದ ಕಡಲ ಅಭಯಾರಣ್ಯವೂ ಮಾಲವಣದ್ದೇ. ಬೆಳಿಗ್ಗೆ ಅಲ್ಲಿ ನೀರಿಗಿಳಿದು, ಮಧ್ಯಾಹ್ನ ದೇವಬಾಗಿನಲ್ಲಿ ಕರ್ಲಿ ನದಿ ಕಡಲು ಸೇರುವ ಕಡೆಗೆ ದೋಣಿಯಲ್ಲಿ ಹೋಗಿ ಮರಳದಿಬ್ಬದ ಮೇಲೆ ಇಳಿದು, ಸಂಜೆಗೆ ತಾರಕರ್ಲಿಯ ತೀರಕ್ಕೆ ಬರಬಹುದು. ಕೊಂಕಣ ರೈಲು ಮಾರ್ಗದ ಕುಡಾಳದಲ್ಲಿ ಇಳಿದು ರಸ್ತೆಯಲ್ಲಿ ಹೋಗಬೇಕು. ನೇತ್ರಾಣಿಯಷ್ಟು ತಿಳಿನೀರನ್ನು ಅಲ್ಲಿ ನಿರೀಕ್ಷಿಸಬಾರದು. ಬದಲಿಗೆ ತೀರ ಕಣ್ಣೆದುರಿಗೇ ಇರುತ್ತದೆ, ಮೊದಲ ಸಲ ನೀರಿಗಿಳಿಯುವವರಿಗೆ ಅದೊಂದು ಧೈರ್ಯ. ಆದರೆ ಹೋಗಿಬರುವ ಪ್ರಯಾಣವೂ ಸೇರಿದರೆ ಇದು ಒಂದು ದಿನದ ಮಾತಲ್ಲ, ಮೂರು ದಿನವಾದರೂ ಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರವಾಸವನ್ನು ಎರಡಾಗಿ ಮಾಡುತ್ತಿದ್ದೆ. ತಾಯಿಯವರೂ ಸೇರಿ ಎಲ್ಲರೂ ಹೋಗುವ ದಿನಕ್ಕೆ ನೀಲೇಶ್ವರದ ಕೋಟ್ಟಪ್ಪುರದಿಂದ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿ. ಒಂದು ಬದಿಗೆ ಶಾಂತ ಹಿನ್ನೀರು, ಇನ್ನೊಂದು ಬದಿಗೆ ಅರಬ್ಬಿ ಕಡಲು, ನಡುವೆ ತೆಂಗಿನ ತೋಟಗಳ ಕಿರಿದಾದ ಪಟ್ಟಿ. ದೋಣಿಯಿಂದ ಇಳಿದು ತೋಟ ದಾಟಿದರೆ ಕಡಲತೀರವೇ ಸಿಗುವುದರಿಂದ ಕುಲುಕಾಟವಿಲ್ಲದೆ ಎರಡನ್ನೂ ಕಾಣಬಹುದು. ಸ್ನಾರ್ಕೆಲಿಂಗ್ ಆಸೆಯುಳ್ಳವರು ಮಾತ್ರ ಇನ್ನೊಂದು ದಿನ ಮುರ್ಡೇಶ್ವರಕ್ಕೆ ಹೋಗಲಿ. ಹಿಂದಿನ ರಾತ್ರಿ ಅಲ್ಲೇ ತಂಗಿ, ಗಾಳಿ ಏಳುವ ಮೊದಲು, ಬೆಳಗಿನ ಮೊದಲ ದೋಣಿಯಲ್ಲಿ ಹೊರಡುವುದು ಉತ್ತಮ.

ಪ್ರಶ್ನೆ: ಕಳೆದ ವರ್ಷ ‘ಸಣ್ಣ ತಂಡ’ ಎಂದು ಹೇಳಿ ಮುಂಗಡ ಹಣ ಪಡೆದವರು, ದಕ್ಕೆಗೆ ಹೋದಾಗ ನಮ್ಮ ಐವರೊಡನೆ ಮತ್ತೊಂದು ಬಸ್ಸಿನ ಜನರನ್ನೂ ಅದೇ ಬೋಟಿಗೆ ಹತ್ತಿಸಿದರು. ಲೈಫ್ ಜಾಕೆಟ್ ಎಲ್ಲರಿಗೂ ಸಾಲಲಿಲ್ಲ. ಮುಂಚಿತವಾಗಿ ತಿಳಿದುಕೊಳ್ಳುವುದು ಹೇಗೆ? (ಕುಂಬಳೆಯ ಓದುಗರೊಬ್ಬರು)

ಉತ್ತರ: ಜಾಕೆಟ್ ಸಾಲದ ದೋಣಿಯಿಂದ ಇಳಿದುಬಿಡುವುದೇ ಸರಿ, ಮುಂಗಡ ಹೋದರೂ ಸರಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ಬೋಟು ಮಗುಚಿ 22 ಮಂದಿ ತೀರಿಕೊಂಡರು. ಸಾಮರ್ಥ್ಯಕ್ಕಿಂತ ಹೆಚ್ಚು ಜನ, ಕತ್ತಲಾಗುವ ಹೊತ್ತು, ಜಾಕೆಟ್ ತೊಡದ ಪ್ರಯಾಣಿಕರು, ಹೀಗೆ ಅಲ್ಲಿ ಕೂಡಿಬಂದ ತಪ್ಪುಗಳಲ್ಲಿ ಎರಡನ್ನಾದರೂ ಪ್ರಯಾಣಿಕರು ದಕ್ಕೆಯಲ್ಲೇ ಕಣ್ಣಾರೆ ಕಾಣಬಹುದಾಗಿತ್ತು.

ಹಣ ಕೊಡುವ ಮೊದಲು ‘ತಂಡದಲ್ಲಿ ಎಷ್ಟು ಜನ’ ಎಂದು ಕೇಳಿದರೆ ಸಾಲದು. ‘ಬೋಟಿನಲ್ಲಿ ಎಷ್ಟು ಜನ, ನೀರಿಗೆ ಏಕಕಾಲಕ್ಕೆ ಎಷ್ಟು ಜನ ಇಳಿಯುತ್ತಾರೆ, ಅವರೊಡನೆ ನೀರಿನಲ್ಲಿ ಇರುವ ಮಾರ್ಗದರ್ಶಕರು ಎಷ್ಟು’ ಎಂದು ಬಿಡಿಸಿ ಕೇಳಬೇಕು. ಸಣ್ಣ ತಂಡದ ನಿಜವಾದ ಲಾಭ ಕಾಲು ಚಾಚಿ ಕುಳಿತುಕೊಳ್ಳುವುದರಲ್ಲಿಲ್ಲ, ನೀರಿನಲ್ಲಿ ತೇಲುವ ಪ್ರತಿ ತಲೆಯನ್ನೂ ಒಬ್ಬರು ಲೆಕ್ಕವಿಟ್ಟು ನೋಡುತ್ತಿರುವುದರಲ್ಲಿದೆ. ಹೊಸಬರು ನಾಲ್ವರಿಗೆ ಒಬ್ಬ ಮಾರ್ಗದರ್ಶಕ ಇರಲೇಬೇಕು ಎಂಬುದು ನನ್ನ ಅಳತೆ. ಅವರು ನೀರಿನಲ್ಲಿರುವಾಗ ಬೋಟಿನಲ್ಲಿ ಚಾಲಕನ ಜೊತೆ ಇನ್ನೊಬ್ಬ ಕಾವಲಿಗಿರಬೇಕು. ಚಾಲಕನೇ ಮಾರ್ಗದರ್ಶಕನಾಗಿ ನೀರಿಗೆ ಹಾರುವ ಏರ್ಪಾಡು ಎಷ್ಟು ಅಗ್ಗವಾದರೂ ಬೇಡ.

ಹೊಳೆ ಮತ್ತು ಹಿನ್ನೀರಿನ ಯಂತ್ರಚಾಲಿತ ದೋಣಿಗಳಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ ಮತ್ತು ವಿಮೆ ಬೇಕು. ನೋಂದಣಿ ಸಂಖ್ಯೆಯೂ ಪ್ರಯಾಣಿಕರ ಮಿತಿಯೂ ದೋಣಿಯ ಮೇಲೆ ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕಾಗದ ತೋರಿಸಲು ಕೇಳಿ. ಕೇಳಿದ್ದಕ್ಕೆ ಸಿಡುಕುವವರ ದೋಣಿ ಹತ್ತಬೇಕಾಗಿಲ್ಲ. ಕಡಲಿನಲ್ಲಿ ಅಪಾಯವಾದರೆ ಕರಾವಳಿ ರಕ್ಷಣಾ ಪಡೆಯ ಉಚಿತ ಸಂಖ್ಯೆ 1554. ಅದನ್ನು ಹೊರಡುವ ಮುನ್ನವೇ ಫೋನಿನಲ್ಲಿ ಉಳಿಸಿಕೊಳ್ಳಿ.

ಪ್ರಶ್ನೆ: ನನಗೆ ಈಜು ಬಾರದು, ಕನ್ನಡಕವಿಲ್ಲದೆ ದೂರದ್ದು ಕಾಣದು, ದೋಣಿಯೇರಿದರೆ ವಾಂತಿ. ಶಾಲೆಯ ಸಹೋದ್ಯೋಗಿಗಳು ನೇತ್ರಾಣಿಗೆ ಹೊರಟಿದ್ದಾರೆ. ನಾನು ಹೋಗುವುದರಲ್ಲಿ ಅರ್ಥವಿದೆಯೇ? (ಪೆರ್ಲದ ಅಧ್ಯಾಪಿಕೆಯೊಬ್ಬರು)

ಉತ್ತರ: ಇದೆ, ಮೂರಕ್ಕೂ ದಾರಿ ಇದೆ. ವಾಂತಿಯ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ದಿನವನ್ನು ಕೆಡಿಸುವುದು ಹೆಚ್ಚಾಗಿ ಅದೇ. ವೈದ್ಯರನ್ನು ಕೇಳಿ, ಪ್ರಯಾಣದ ವಾಂತಿಗೆ ಕೊಡುವ ಮಾತ್ರೆಯನ್ನು ಹೊರಡುವ ಗಂಟೆಯ ಮೊದಲೇ ನುಂಗಬೇಕು. ಓಕರಿಕೆ ಆರಂಭವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬರಿಹೊಟ್ಟೆ ಬೇಡ, ಎಣ್ಣೆಯ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ದೋಣಿಯ ಮೂತಿಯಲ್ಲಿ ಕುಳಿತುಕೊಳ್ಳದೆ ನಡುಭಾಗದಲ್ಲಿ ಕುಳಿತು, ಡೀಸೆಲ್ ಹೊಗೆಗೆ ಬೆನ್ನು ಹಾಕಿ, ದಿಗಂತವನ್ನು ನೋಡುತ್ತಿರಿ. ಫೋನ್ ನೋಡಿದರೆ ಕೆಟ್ಟಿತು.

ಕನ್ನಡಕವನ್ನು ಮಾಸ್ಕಿನೊಳಗೆ ತೊಡಲಾಗದು, ಕಿವಿಯ ಕಡ್ಡಿಯ ಸಂದಿನಲ್ಲಿ ನೀರು ನುಗ್ಗುತ್ತದೆ. ಆದರೆ ನೀರಿನಲ್ಲಿ ಮಾಸ್ಕಿನ ಮೂಲಕ ನೋಡಿದಾಗ ವಸ್ತುಗಳು ಮೂರರಲ್ಲಿ ಒಂದು ಭಾಗದಷ್ಟು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತವೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಇದಕ್ಕೆ ಕಾರಣ. ಹೀಗಾಗಿ ಸಣ್ಣ ಪ್ರಮಾಣದ ಸಮೀಪದೃಷ್ಟಿಯವರಿಗೆ ಕನ್ನಡಕದ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಪವರ್ ಹೆಚ್ಚಿದ್ದರೆ ಪವರ್ ಗಾಜಿನ ಮಾಸ್ಕ್ ಸಿಗುತ್ತದೆ, ತಂಡದವರನ್ನು ಮುಂಚಿತವಾಗಿ ಕೇಳಿ.

ಈಜು ಬಾರದವರು ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಕರು ಹಿಡಿದಿರುವ ತೇಲುಬಳೆಗೆ ಕೈಯಿಟ್ಟು ಮುಖವನ್ನಷ್ಟೇ ನೀರಿಗಿಟ್ಟರೂ ಮೀನು ಕಾಣುತ್ತವೆ. ಕಲಿಯಬೇಕಾದದ್ದು ಈಜಿಗಿಂತ ಉಸಿರಾಟ. ಮಾಸ್ಕ್ ಮೂಗನ್ನು ಮುಚ್ಚುವುದರಿಂದ ಬಾಯಿಯಿಂದಲೇ, ನಿಧಾನವಾಗಿ, ಆಳವಾಗಿ ಉಸಿರಾಡಬೇಕು. ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದರೆ ಕೊಳವೆಯಲ್ಲಿ ಉಳಿದ ಹಳೆಯ ಗಾಳಿಯೇ ಮತ್ತೆ ಒಳಗೆ ಹೋಗಿ ಉಸಿರುಗಟ್ಟಿದಂತಾಗುತ್ತದೆ. ಕೊಳವೆಯನ್ನು ಗೇಣೆರಡು ಗೇಣಿಗಿಂತ ಉದ್ದ ಮಾಡದಿರುವುದಕ್ಕೂ ಇದೊಂದು ಕಾರಣ. ಇನ್ನೊಂದು, ಆಳ ಹೆಚ್ಚಿದಂತೆ ನೀರು ಎದೆಯನ್ನು ಒತ್ತುವುದರಿಂದ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಎದೆಗೆ ಶಕ್ತಿ ಸಾಲದು. ಕೊಳವೆಗೆ ನೀರು ಹೊಕ್ಕರೆ ತಲೆಯೆತ್ತುವ ಮೊದಲು ‘ಫೂ’ ಎಂದು ಜೋರಾಗಿ ಊದಿ ಹೊರಹಾಕಿ. ಇದನ್ನು ಮನೆಯಲ್ಲಿ ದೊಡ್ಡ ಬಕೆಟ್ಟಿನಲ್ಲಿ ಮುಖವಿಟ್ಟು ಅಭ್ಯಾಸ ಮಾಡಬಹುದು. ಮಕ್ಕಳು ನಗುತ್ತಾರೆ, ನಗಲಿ.

ಮಾಸ್ಕ್ ಹೊಂದುತ್ತದೆಯೇ ಎಂದು ನೋಡಲು ಪಟ್ಟಿಯನ್ನು ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮದು. ಹೃದ್ರೋಗ, ಉಬ್ಬಸ, ಅಪಸ್ಮಾರ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗೆ ಇಳಿಯಬಾರದು.

ಪ್ರಶ್ನೆ: ಮಗಳು ಬೆಂಗಳೂರಿನಿಂದ ಊರಿಗೆ ಬರುವುದೇ ಮೇ ಕೊನೆಯಲ್ಲಿ. ಆಗ ಹೋಗಬಹುದೇ? (ಮುಳ್ಳೇರಿಯದ ಓದುಗರೊಬ್ಬರು)

ಉತ್ತರ: ಕಡಲಿಗೆ ಬೇಡ. ಮುಂಗಾರು ಬಾಗಿಲಲ್ಲಿರುವ ಹೊತ್ತದು. ಕರ್ನಾಟಕದಲ್ಲಿ ಜೂನ್ 1ರಿಂದ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಯೇ ನಿಂತಿರುತ್ತದೆ. ಆ ನಿಷೇಧ ಮೀನಿನ ಸಂತತಿಗಾಗಿ ಇರುವುದಾದರೂ, ಕಡಲು ಒರಟಾಗುವುದೂ ಆ ದಿನಗಳಲ್ಲೇ. ಇದಕ್ಕೂ ಮೊದಲೇ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಮಲಯಾಳಿಗಳು ‘ಕಳ್ಳಕ್ಕಡಲ್’ ಎನ್ನುವ ತೆರೆಯೇರಿಕೆ ಬರುವುದುಂಟು. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ಇಲ್ಲಿ ತೀರಕ್ಕೆ ಅಪ್ಪಳಿಸುವಾಗ ನಮ್ಮ ಆಕಾಶ ನಿರ್ಮಲವಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಆದ್ದರಿಂದ ಮೋಡ ನೋಡಿ ನಿರ್ಧರಿಸಬೇಡಿ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್ ಪ್ರಕಟಿಸುವ ಅಲೆಯ ಮುನ್ಸೂಚನೆ ನೋಡಿ. ಮಗಳು ನವರಾತ್ರಿ ಕಳೆದು ನವೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿದರೆ ಒಳ್ಳೆಯದು.

ಪ್ರಶ್ನೆ: ಲಕ್ಷದ್ವೀಪದ ಅಮಿನಿಯವರು ಹಗ್ಗ ತಂದು ಮಂಗಳೂರಿನಲ್ಲಿ ಅಕ್ಕಿ ಕೊಂಡೊಯ್ಯುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಅಲ್ಲಿ ಹವಳವೂ ಇದೆಯಂತೆ. ನಾವೂ ಹೋಗಬಹುದೇ? (ಮಂಜೇಶ್ವರದ ಓದುಗರೊಬ್ಬರು)

ಉತ್ತರ: ಅಜ್ಜನವರ ಮಾತು ಸರಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ತಾಲೂಕಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ದಿನ ಅವು ಕೇಂದ್ರಾಡಳಿತಕ್ಕೆ ಹೋದವು, ನಾವು ಕೇರಳಕ್ಕೆ ಬಂದೆವು. ಈಗ ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗು, ಅಗತ್ತಿಗೆ ವಿಮಾನ. ಹೊಳೆಯೇ ಇಲ್ಲದ ಹವಳದ ದ್ವೀಪಗಳಾದ್ದರಿಂದ ಹೂಳಿನ ಪ್ರಶ್ನೆಯಿಲ್ಲ. ಹೊರಗಿನ ಹವಳದ ಗೋಡೆ ತೆರೆಗಳನ್ನು ತಡೆಯುವುದರಿಂದ ಒಳಗಿನ ನೀರು ಶಾಂತ. ಸ್ನಾರ್ಕೆಲಿಂಗಿಗೆ ಕಡಮತ್, ಬಂಗಾರಂ, ಅಗತ್ತಿಗಳಿಗೆ ಸಾಟಿಯಾದದ್ದು ನಮ್ಮ ಕರಾವಳಿಯಲ್ಲಿ ಇಲ್ಲ. ಹವಳದ ಮೇಲೆ ಕಾಲೂರಿ ನಿಲ್ಲಬೇಡಿ, ಅದು ಜೀವಿ, ಮುರಿದರೆ ಬೆಳೆಯಲು ವರ್ಷಗಳು ಬೇಕು. ಸತ್ತು ಬಿದ್ದ ತುಂಡನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆಯಿದೆ. ದ್ವೀಪಕ್ಕೆ ಹೋಗಲು ಪ್ರವೇಶದ ಅನುಮತಿಪತ್ರ ಕಡ್ಡಾಯ, ಅದು ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ಕೊಳ್ಳಬೇಡಿ.