ನಿಮ್ಮ ಲೇಖನ ಶುರುವಾಗುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ವಿಡಿಯೊ ಆಟ, ಸಿನಿಮಾಗಳಲ್ಲಿ ಹೆಣ್ಣುಪಾತ್ರಗಳನ್ನು ತೋರಿಸುವ ರೀತಿಯ ಬಗ್ಗೆ ನೀವು ಕಳಿಸಿದ 'ಫ್ಯಾಂಟಸಿ ಲೋಕದಲ್ಲಿ ಸ್ತ್ರೀ ಶೋಷಣೆ' ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಕೂತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಡದ ಬರಹಕ್ಕೆ ನನ್ನ ಉತ್ತರ ಎರಡೇ ಸಾಲು.

ಮೊದಲ ಮೂರು ಪುಟದಲ್ಲಿ 'ಭೋಗದ ವಸ್ತು' ಅನ್ನುವ ಮಾತು ಒಂಬತ್ತು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. 'ಪುರುಷಪ್ರಧಾನ ವ್ಯವಸ್ಥೆ' ಆರು ಸಲ. ಸುಳ್ಳು ಅನ್ನುತ್ತಿಲ್ಲ. ಆದರೆ ಅಷ್ಟು ಓದಿದ ಮೇಲೂ ನನ್ನ ಕಣ್ಣಿಗೆ ಒಂದು ಪಾತ್ರ ಬರಲಿಲ್ಲ, ಒಂದು ದೃಶ್ಯ ಬರಲಿಲ್ಲ. ಮೈಕ್ ಹಿಡಿದವರ ಭಾಷಣ ಕೇಳಿದ ಹಾಗಾಯಿತು, ಅಷ್ಟೇ.

ನಾಲ್ಕನೇ ಪುಟದ ತಳದಲ್ಲಿ, ಅದೂ ಬ್ರಾಕೆಟ್ಟಿನೊಳಗೆ, ಒಂದು ಸಂಗತಿ ಇದೆ. ನೀವೂ ನಿಮ್ಮ ತಮ್ಮನೂ ಒಂದೇ ಆಟ ಆಡುತ್ತಿದ್ದಿರಿ. ಇಬ್ಬರೂ ಚಿನ್ನದ ನಾಣ್ಯ ಕೂಡಿಸಿ ಒಂದೇ ಕಬ್ಬಿಣದ ಕವಚ ಕೊಂಡಿರಿ. ಬೆಲೆ ಒಂದೇ, ರಕ್ಷಣೆಯ ಅಂಕವೂ ಒಂದೇ. ಅವನ ಯೋಧನಿಗೆ ಅದು ಕತ್ತಿನಿಂದ ಮಂಡಿವರೆಗೆ ಮುಚ್ಚಿತು. ನಿಮ್ಮವಳಿಗೆ ಎದೆ ಮೇಲೆ ಎರಡು ತಗಡು, ಸೊಂಟಕ್ಕೊಂದು ಪಟ್ಟಿ. "ಅಕ್ಕ, ನಿಂದು ಅರ್ಧ ಕಬ್ಬಿಣ ಅಂಗಡಿಯವನೇ ಇಟ್ಕೊಂಡ" ಅಂದನಂತೆ ತಮ್ಮ.

ಇಂಥದ್ದನ್ನು ಬ್ರಾಕೆಟ್ಟಿನೊಳಗೆ ಯಾಕೆ ಬಚ್ಚಿಟ್ಟಿರಿ? ಲೇಖನದ ಮೊದಲ ಸಾಲು ಇದೇ ಆಗಬೇಕು. ಇಲ್ಲಿಂದ ಹೊರಟರೆ ದಾರಿ ತಾನಾಗಿ ಸಿಗುತ್ತದೆ. ಉದಾಹರಣೆಗೆ, ಆ ತಗಡಿನ ವಿಷಯ. ನಿಜವಾದ ಎದೆಗವಚ ಮುಂದಕ್ಕೆ ಉಬ್ಬಿದ ಒಂದೇ ಕಮಾನು. ಕತ್ತಿಯ ಏಟು ಬಿದ್ದರೆ ಪಕ್ಕಕ್ಕೆ ಜಾರಿ ಹೋಗಲಿ ಅಂತ ಹಾಗೆ ಬಡಿಯುತ್ತಿದ್ದರು. ಎರಡು ಬಟ್ಟಲಿನ ಹಾಗೆ ಬಡಿದರೆ ಏಟು ಜಾರಿ ಬರುವುದು ನಡುವಿನ ಸಂದಿಗೆ, ನೇರ ಎದೆಮೂಳೆಗೆ. ಅಂದರೆ ಅದು ತೊಟ್ಟವಳನ್ನು ಕಾಯುವ ಕವಚವೇ ಅಲ್ಲ. ನೋಡುವವನಿಗಾಗಿ ಮಾಡಿದ್ದು. ಇದನ್ನು ಹೀಗೆ ತೋರಿಸಿಬಿಟ್ಟರೆ 'ಭೋಗದ ವಸ್ತು' ಅಂತ ಒಂದು ಸಲವೂ ಬರೆಯಬೇಕಾಗಿಲ್ಲ.

ಒಂದು ತಪ್ಪು ತಿದ್ದಿಕೊಳ್ಳಿ. ಹಳೆಯ ಗೋರಿಗಳನ್ನು ಹುಡುಕಿ ಹೊರಡುವ ಸಾಹಸಿ ಲಾರಾ ಕ್ರಾಫ್ಟ್ ಸಿನಿಮಾದಿಂದ ಆಟಕ್ಕೆ ಬಂದವಳಲ್ಲ. 'ಟೂಂಬ್ ರೈಡರ್' ಆಟ 1996ರದ್ದು, ಆಂಜೆಲಿನಾ ಜೋಲಿಯ ಸಿನಿಮಾ 2001ರದ್ದು. ಲಾರಾಳನ್ನು ರೂಪಿಸಿದ ಟೋಬಿ ಗಾರ್ಡ್ 1997ರಲ್ಲೇ ಆಟ ಮಾಡಿದ ಕಂಪನಿ ಬಿಟ್ಟರು. ಜಾಹೀರಾತಿನವರು ಅವಳನ್ನು ತೋರಿಸುತ್ತಿದ್ದ ರೀತಿ ಅವರಿಗೆ ಹಿಡಿಸಿರಲಿಲ್ಲ. ಮೊದಲು ಗಿಡ್ಡ ಚಡ್ಡಿಯಲ್ಲಿದ್ದ ಲಾರಾ 2013ರ ಹೊಸ ಆಟದ ಹೊತ್ತಿಗೆ ಪ್ಯಾಂಟ್ ತೊಟ್ಟು, ಕೆಸರು ಮೆತ್ತಿಕೊಂಡು ಬಂದಳು. ಕಥೆ ಬರೆದವರಲ್ಲಿ ಮುಖ್ಯರು ರಿಯಾನಾ ಪ್ರಾಚೆಟ್ ಅನ್ನುವ ಹೆಂಗಸು. ಒಂದೇ ಪಾತ್ರ, 17 ವರ್ಷದ ಅಂತರ. ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

ಇನ್ನೂ ಹಳೆಯದು ಬೇಕಾದರೆ ನಿಂಟೆಂಡೊ ಕಂಪನಿಯ 'ಮೆಟ್ರಾಯ್ಡ್' ಆಟ, 1986. ಮೈಪೂರ್ತಿ ಕವಚ ತೊಟ್ಟ ಅದರ ಯೋಧ ಗಂಡು ಅಂತಲೇ ಆಡುವವರ ಎಣಿಕೆ. ಇಂಗ್ಲಿಷ್ ಕೈಪಿಡಿಯಲ್ಲೂ 'ಅವನು' ಅಂತಲೇ ಇತ್ತು. ಆಟ ಬೇಗ ಮುಗಿಸಿದರೆ ಕೊನೆಗೆ ಹೆಣ್ಣು ಅಂತ ಗೊತ್ತಾಗುತ್ತದೆ. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿಯಲ್ಲಿ ಬಂದು ನಿಲ್ಲುತ್ತಾಳೆ. ಆಡಿದ್ದು ಪೂರ್ತಿ ಅವಳಾಗಿ, ಗೆದ್ದ ಮೇಲೆ ಬಹುಮಾನವೂ ಅವಳೇ!

ಈಗ 'ಬಾಹುಬಲಿ' ಸಿನಿಮಾದ ಯೋಧೆ ಅವಂತಿಕಾ. ಲೇಖನದಲ್ಲಿ ನನಗೆ ತುಂಬ ಬೇಸರ ತಂದ ಜಾಗ ಇದು. 'ಅಶ್ಲೀಲ ದೃಶ್ಯ' ಅಂತ ಎರಡು ಪದ ಬರೆದು ದಾಟಿದ್ದೀರಿ. ವಿಮರ್ಶಕಿ ಅನ್ನಾ ವೆಟ್ಟಿಕಾಡ್ 2015ರಲ್ಲೇ ಆ ದೃಶ್ಯದ ಬಗ್ಗೆ ಕಟುವಾಗಿ ಬರೆದು ದೊಡ್ಡ ಚರ್ಚೆಯೇ ಆಗಿತ್ತು. ಅದು ಗೊತ್ತಿದ್ದೂ ಬಿಟ್ಟಿರಾ? ಮತ್ತೊಮ್ಮೆ ಕೂತು ನೋಡಿ. ಅವಳು ಕತ್ತಿ ಬೀಸುತ್ತಿದ್ದಾಳೆ. ನಾಯಕ ತಪ್ಪಿಸಿಕೊಳ್ಳುತ್ತಲೇ ಅವಳ ಕೂದಲು ಬಿಚ್ಚುತ್ತಾನೆ, ಮೇಲುಡುಗೆ ಕಳಚುತ್ತಾನೆ, ತುಟಿಗೆ ಬಣ್ಣ ಹಚ್ಚುತ್ತಾನೆ. ಅವಳು ನೀರಿನಲ್ಲಿ ತನ್ನ ರೂಪ ನೋಡಿಕೊಂಡು ಕರಗುತ್ತಾಳೆ. ಆಮೇಲೆ ಹಾಡು.

ಇಲ್ಲಿವರೆಗೆ ಎಲ್ಲರೂ ಬರೆಯುತ್ತಾರೆ. ಅದಾದ ಮೇಲೆ ಏನಾಯಿತು ನೋಡಿದಿರಾ? ಸೆರೆಯಲ್ಲಿರುವ ದೇವಸೇನೆಯನ್ನು ಬಿಡಿಸಿ ತರುವ ಕೆಲಸ ಅವಂತಿಕಾಗೆ ವಹಿಸಿದ್ದು. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಪ್ರೀತಿ ಹುಟ್ಟಿದ್ದೇ ತಡ, ಅವಳ ಕೆಲಸ ಇನ್ನು ತನ್ನದು ಅಂತ ಅವನು ಹೊರಟುಬಿಡುತ್ತಾನೆ. 2017ರ ಎರಡನೇ ಭಾಗದಲ್ಲಿ ಅವಳು ಕಾಣುವುದೇ ಅಪರೂಪ. ಬಟ್ಟೆ ಕಳಚಿದ್ದು ಎಲ್ಲರಿಗೂ ಕಂಡಿತು. ಜತೆಗೆ ಕೆಲಸವನ್ನೂ ಕಳಚಿಕೊಂಡದ್ದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಅದೇ ಭಾಗದ ಹಿಂದಿನ ಕಥೆಯಲ್ಲಿ, ಇನ್ನೂ ಸೆರೆಯಾಗದ ದೇವಸೇನೆ ಮೈತುಂಬ ಒಡವೆ ಹೇರಿಕೊಂಡೇ, ಹೆಂಗಸರ ಮೈಮುಟ್ಟಿದವನ ಬೆರಳು ಕತ್ತರಿಸುತ್ತಾಳೆ. ಇಬ್ಬರನ್ನೂ ಪಕ್ಕಪಕ್ಕ ಇಡಿ. ನಿಮಗೆ ಎರಡು ಪುಟದ ಸರಕು.

ನಿಮ್ಮ ಮಾತಿಗೆ ಅಡ್ಡ ಬರುವ ಉದಾಹರಣೆಯನ್ನೂ ಒಂದು ಹಾಕಿ. 2009ರ 'ಬಯೊನೆಟ್ಟಾ' ಆಟದ ಮಾಟಗಾತಿಗೆ ಅವಳ ಕೂದಲೇ ಉಡುಪು. ದೊಡ್ಡ ಏಟು ಹಾಕುವಾಗ ಕೂದಲು ರಾಕ್ಷಸರೂಪ ತಾಳುತ್ತದೆ, ಮೈ ಬರಿದಾಗುತ್ತದೆ. ಆಟದ ನಿರ್ದೇಶಕ ಗಂಡಸು. ಆದರೆ ಅವಳ ಚಿತ್ರ ಬರೆದು ರೂಪಿಸಿದ ಕಲಾವಿದೆ ಮಾರಿ ಶಿಮಾಝಾಕಿ. ಆಡುವ ಹೆಣ್ಣುಮಕ್ಕಳಲ್ಲೂ ಅವಳನ್ನು ಮೆಚ್ಚುವವರಿದ್ದಾರೆ, ಮುಖ ಸಿಂಡರಿಸುವವರೂ ಇದ್ದಾರೆ. ನಾನೂ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ನೀವು ಬರಬೇಕು ಅಂತಲೂ ಇಲ್ಲ, ಆದರೆ ಅವಳನ್ನು ನೋಡದ ಹಾಗೆ ಪಕ್ಕಕ್ಕೆ ಸರಿಯಬೇಡಿ.

ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. 'ಇದೆಲ್ಲ ಪಾಶ್ಚಾತ್ಯ ಪ್ರಭಾವ, ನಮ್ಮ ಪರಂಪರೆಯಲ್ಲಿ ಹೆಣ್ಣನ್ನು ಹೀಗೆ ಎಂದೂ ತೋರಿಸಿಲ್ಲ' ಅಂದಿದ್ದೀರಿ. ಬೇಲೂರಿಗೆ ಹೋಗಿಲ್ವಾ? 12ನೇ ಶತಮಾನದ ಚೆನ್ನಕೇಶವ ಗುಡಿಯ ಮದನಿಕೆಯರಿಗೆ ಒಡವೆ ಜಾಸ್ತಿ, ಬಟ್ಟೆ ಕಮ್ಮಿ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಒಬ್ಬಳು ವಾದ್ಯ ಬಾರಿಸುತ್ತಿದ್ದಾಳೆ, ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಅವರನ್ನು ಕಡೆದದ್ದು ಯಾರ ಕಣ್ಣಿಗಾಗಿ ಅಂತ ಬೇಕಾದರೆ ಜಗಳ ಆಡೋಣ, ಒಳ್ಳೆಯ ಜಗಳ ಅದು. ಆದರೆ ಬಟ್ಟೆಯ ಅಳತೆ ಹಿಡಿದು ಪೂರ್ವ ಪಶ್ಚಿಮ ಅಂತ ಗೆರೆ ಎಳೆದರೆ ನಮ್ಮ ಓದುಗರೇ ನಿಮ್ಮನ್ನು ಹಾಸನದ ಬಸ್ಸು ಹತ್ತಿಸುತ್ತಾರೆ.

ಈಗ 2,200 ಪದ ಇದೆ. 1,200ಕ್ಕೆ ಇಳಿಸಿ. 'ಹೆಣ್ಣು ತಾಯಿ, ತಂಗಿ, ದೇವತೆ' ಅನ್ನುವ ಸಾಲು ಬೇಡವೇ ಬೇಡ. ನಿಮ್ಮ ಆಟದ ಹುಡುಗಿ ಯಾರ ತಂಗಿಯೂ ಅಲ್ಲ, ಕತ್ತಿ ಹಿಡಿದು ಹೊರಟವಳು. ಯಾವ ಆಟ ಅಂತ ಬರೆದಿಲ್ಲ, ತಮ್ಮನನ್ನು ಕೇಳಿ ಹೆಸರು ಹಾಕಿ. ಅವನ ಆ ಮಾತನ್ನು ಮಾತ್ರ ತಿದ್ದಬೇಡಿ, ಅವನು ಹೇಳಿದ ಹಾಗೇ ಇರಲಿ.

ಮತ್ತೆ ಕಳಿಸುವಾಗ ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ 'ನುಡಿ' ತಂತ್ರಾಂಶದ ಫೈಲು ಬದಲಾಯಿಸುವಾಗ ಮಹಾಪ್ರಾಣವೆಲ್ಲ ಚೆಲ್ಲಾಪಿಲ್ಲಿಯಾಗಿ, ನಿಮ್ಮ ಯೋಧೆ ಎರಡು ಕಡೆ 'ಯೋದೆ' ಆಗಿದ್ದಳು.

ಇಂತಿ,
ಸಂಪಾದಕ