ಆಲಪ್ಪುಳ ಪೇಟೆಯ ನಡುವೆಯೇ ಕಾಲುವೆಗಳು ಯಾಕಿವೆ?

ಸರಕು ಸಾಗಿಸಲು. ಕೇರಳದ ಈ ಊರಿನ ಪೂರ್ವಕ್ಕೆ ವೇಂಬನಾಡ್ ಹಿನ್ನೀರು, ಪಶ್ಚಿಮಕ್ಕೆ ಕಡಲು. 18ನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಇಲ್ಲಿ ಬಂದರು ಕಟ್ಟಿಸಿದ, ಜೊತೆಗೇ ಅಕ್ಕಪಕ್ಕ ಎರಡು ಕಾಲುವೆಗಳನ್ನೂ ತೋಡಿಸಿದ. ಒಳನಾಡಿನ ಮೆಣಸು, ತೆಂಗಿನ ನಾರು ಹೊತ್ತ ದೋಣಿಗಳು ಹಿನ್ನೀರಿನಿಂದ ನೇರವಾಗಿ ಕಡಲ ಕಡೆಗೆ ಬರುತ್ತಿದ್ದವು. ಸರಕು ಇಳಿಯುವ ಕಡೆಯೇ ಅಂಗಡಿ, ಗೋದಾಮು ಏಳುವುದು ಸಹಜ ಅಲ್ವಾ? ಪೇಟೆ ಬೆಳೆದದ್ದೇ ದಡದಲ್ಲಿ.

ಈ ಊರೇ ಯಾಕೆ ಅಂದರೆ, ಇಲ್ಲಿನ ಕಡಲಲ್ಲಿ ಮಳೆಗಾಲಕ್ಕೆ 'ಚಾಕರ' ಕಾಣಿಸಿಕೊಳ್ಳುತ್ತದೆ, ಅಂದರೆ ತಳದ ಕೆಸರು ಕದಡಿ ನೀರು ಮಂದವಾಗುವುದು. ಆ ಕೆಸರು ಅಲೆಯ ಜೋರು ತಗ್ಗಿಸುತ್ತದೆ. ಬೇರೆ ಕಡೆ ಕಡಲು ಉಕ್ಕುವಾಗಲೂ ಹಡಗುಗಳು ಇಲ್ಲಿ ನಿಲ್ಲಬಹುದಿತ್ತು. ಕೊಚ್ಚಿ ಬಂದರು ದೊಡ್ಡದಾದ ಮೇಲೆ ವ್ಯಾಪಾರ ಅಲ್ಲಿಗೆ ಸರಿಯಿತು.